ಎಚ್‌1ಬಿ: ಕಂಪನಿಯ ಲಾಯರ್ ಬಾಯಿ ಬಿಡುತ್ತಿಲ್ಲ, ಬೇರೆ ಲಾಯರ್ ಹಿಡಿಯಬೇಕಾ?

ಡಲ್ಲಾಸ್‌ನಲ್ಲಿರುವ ಒಬ್ಬರು ಕೇಳಿರುವುದು ಇಷ್ಟು. ಅಮೆರಿಕದಲ್ಲೇ ಎಂಎಸ್ ಮುಗಿಸಿ ಸ್ಟೆಮ್ ಒಪಿಟಿಯಲ್ಲಿ, ಅಂದರೆ ಎಫ್‌1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಸಿಗುವ ಕೆಲಸದ ಅನುಮತಿಯಲ್ಲಿ, ಕೆಲಸ ಮಾಡುತ್ತಿದ್ದಾರೆ. ಎಚ್‌1ಬಿ, ಅಂದರೆ ಕಂಪನಿಯ ಮೂಲಕ ಸಿಗುವ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬಂತು, ಕಂಪನಿ ಅರ್ಜಿ ಹಾಕಿತು, ಈಗ ಆರ್‌ಎಫ್‌ಇ ಬಂದಿದೆ, ಅಂದರೆ ಇನ್ನಷ್ಟು ದಾಖಲೆ ಕೊಡಿ ಅಂತ ಸರ್ಕಾರದ ಪತ್ರ. ಅದರಲ್ಲಿ ಏನಿದೆ ಅಂತ ಎಚ್‌ಆರ್ ಹೇಳುತ್ತಿಲ್ಲ. ಕಂಪನಿಯ ಲಾಯರ್‌ಗೆ ಮೇಲ್ ಹಾಕಿದರೆ "ನೋಡುತ್ತಿದ್ದೇವೆ" ಅನ್ನುವ ಒಂದೇ ಸಾಲು. ಮೇಲಿಂದ ಲಾಯರ್ ಫೀಸಿನಲ್ಲಿ ಅರ್ಧ ನೀವೇ ಕೊಡಿ ಅಂದಿದ್ದಾರಂತೆ. ಸ್ವಂತ ಲಾಯರ್ ಬೇಕಾ, ಎಂಥವರನ್ನು ಹುಡುಕಬೇಕು, ನಡುವೆ ದಾವಣಗೆರೆಗೆ ಅಕ್ಕನ ಮದುವೆಗೆ ಹೋಗಿ ಬರಬಹುದಾ, ಇದು ಪ್ರಶ್ನೆ.

ನನ್ನ ಅನುಭವದ ಜೊತೆಗೆ ಇಲ್ಲಿರುವ ಗೆಳೆಯರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮದುವೆಯ ವಿಷಯ ಮೊದಲು, ಯಾಕಂದರೆ ಟಿಕೆಟ್ ತೆಗೆದುಬಿಟ್ಟರೆ ಕಷ್ಟ. ಅರ್ಜಿ ತೀರ್ಮಾನವಾಗುವವರೆಗೆ ದಯವಿಟ್ಟು ಹೋಗಬೇಡಿ. ನಿಮ್ಮ ಅರ್ಜಿಯಲ್ಲಿ ಎರಡು ಕೋರಿಕೆ ಇರುತ್ತವೆ. ಈ ಕೆಲಸ ಎಚ್‌1ಬಿಗೆ ತಕ್ಕದ್ದು ಅನ್ನುವುದು ಒಂದು, ನೀವು ದೇಶದ ಒಳಗೇ ಇದ್ದುಕೊಂಡು ಎಫ್‌1ನಿಂದ ಎಚ್‌1ಬಿಗೆ ಬದಲಾಗುತ್ತೀರಿ ಅನ್ನುವುದು ಇನ್ನೊಂದು. ನಡುವೆ ದೇಶ ಬಿಟ್ಟರೆ ಈ ಎರಡನೆಯದನ್ನು ನೀವೇ ಕೈಬಿಟ್ಟ ಲೆಕ್ಕ. ಮೊದಲೆಲ್ಲ ಹಾಗಾದರೂ ಅರ್ಜಿ ಪಾಸಾದ ಮೇಲೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ವೀಸಾ, ಮಾಡಿಸಿಕೊಂಡು ಬರುತ್ತಿದ್ದರು. ಈಗ ಹಾಗಿಲ್ಲ. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆ ಹೊರಗಿನಿಂದ ಬರುವವರ ಹೊಸ ಅರ್ಜಿಗೆ 1,00,000 ಡಾಲರ್ ಕೇಳುತ್ತದೆ. ಒಳಗಿದ್ದೇ ಸ್ಟೇಟಸ್ ಬದಲಾಯಿಸಿಕೊಳ್ಳುವವರಿಗೆ ಇದು ಇಲ್ಲ ಅಂತ ಈ ಅರ್ಜಿಗಳನ್ನು ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್ ಆ ವರ್ಷದ ಅಕ್ಟೋಬರ್ 20ರಂದು ವಿವರಿಸಿತು. ಆದರೆ ತೀರ್ಮಾನಕ್ಕೆ ಮೊದಲೇ ಹೊರಟುಹೋದವರಿಗೆ ಉಂಟು ಅಂತಲೂ ಅದರಲ್ಲೇ ಇದೆ. ಅಷ್ಟು ದುಡ್ಡನ್ನು ಯಾವ ಕಂಪನಿ ಕಟ್ಟುತ್ತದೆ ಹೇಳಿ.

ಅಪ್ರೂವಲ್ ಬಂದ ಮೇಲೆ ಹೋಗುವುದೂ ಸುಲಭ ಇಲ್ಲ. 2025ರ ಡಿಸೆಂಬರ್ 15ರಿಂದ ಎಚ್‌1ಬಿಯವರ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ನೋಡಲು ಶುರು ಮಾಡಿದರು. ಭಾರತದಲ್ಲಿ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದೆ ಹೋಯಿತು. ಅಪ್ಪನ ಆಪರೇಷನ್‌ಗೆ ಅಂತ ಮೈಸೂರಿಗೆ ಹೋದ ನನ್ನ ಗೆಳೆಯ ಅಲ್ಲೇ ಸಿಕ್ಕಿಹಾಕಿಕೊಂಡ, ಹೆಂಡತಿ ಮಗು ಇಲ್ಲಿ, ಅವನು ಅಲ್ಲಿ. ಈ ನಿಯಮಗಳು ನೋಡನೋಡುತ್ತ ಬದಲಾಗುತ್ತವೆ. ಹೊರಡುವ ಮುಂಚೆ ಆ ವಾರದ ಸ್ಥಿತಿ ಏನು ಅಂತ ಲಾಯರನ್ನೇ ಕೇಳಿ, ಯೂಟ್ಯೂಬ್ ನೋಡಿ ಹೊರಡಬೇಡಿ.

ಇನ್ನು ಲಾಯರ್ ವಿಷಯ. ಕಂಪನಿ ನೇಮಿಸಿದ ಲಾಯರ್ ಮೊದಲು ಕಂಪನಿಯ ಲಾಯರ್. ಐ-129, ಅಂದರೆ ಈ ಎಚ್‌1ಬಿ ಅರ್ಜಿ, ಹಾಕುವುದು ಕಂಪನಿ, ನೀವಲ್ಲ. ನಿಮ್ಮ ಹೆಸರು ಅದರಲ್ಲಿದೆ ಅಷ್ಟೇ. ಜಿ-28 ಅನ್ನುವ ಫಾರಂನಲ್ಲಿ ಲಾಯರ್ ಯಾರ ಪರ ಅಂತ ಬರೆದಿರುತ್ತದೆ. ಕೆಲವೊಮ್ಮೆ ಇಬ್ಬರ ಪರ, ಕೆಲವೊಮ್ಮೆ ಕಂಪನಿ ಪರ ಮಾತ್ರ. ಎಲ್ಲ ಸರಿ ಇದ್ದಾಗ ಇದರಿಂದ ತೊಂದರೆ ಇಲ್ಲ, ನನಗೂ ವರ್ಷಗಟ್ಟಲೆ ಏನೂ ಆಗಲಿಲ್ಲ. ನಮ್ಮ ಟೀಮನ್ನು ಪೂರ್ತಿ ಕೆಲಸದಿಂದ ತೆಗೆದ ದಿನ ಗೊತ್ತಾಯಿತು. ಅಷ್ಟು ದಿನ ನಗುನಗುತ್ತ ಮಾತಾಡುತ್ತಿದ್ದ ಲಾಯರ್ ಕಚೇರಿ "ಈ ವಿಷಯದಲ್ಲಿ ನಿಮಗೆ ಸಲಹೆ ಕೊಡಲು ಬರುವುದಿಲ್ಲ" ಅಂದಿತು. ಅವರದ್ದು ತಪ್ಪಲ್ಲ, ಅವರ ಕಕ್ಷಿದಾರ ಕಂಪನಿ. ಆದರೆ ಆ ಹೊತ್ತಿಗೆ ನನಗೆ ನನ್ನ ಪರವಾಗಿ ಯೋಚಿಸುವ ಒಬ್ಬರು ಬೇಕಿತ್ತು. ಒಂದು ಗಂಟೆಗೆ ದುಡ್ಡು ಕೊಟ್ಟು ಬೇರೆ ಲಾಯರ್ ಹತ್ತಿರ ಮಾತಾಡಿದೆ. ಕೆಲಸ ಹೋದ ಮೇಲೂ ಇಲ್ಲಿರಲು ಸಿಗುವ 60 ದಿನದವರೆಗಿನ ಗ್ರೇಸ್ ಎಲ್ಲಿಂದ ಎಣಿಸಬೇಕು, ಕೆಲಸದಿಂದ ತೆಗೆದಾಗ ಕಂಪನಿ ಕೊಡುವ ಸೆವರೆನ್ಸ್ ದುಡ್ಡು ಬರುತ್ತಿದ್ದರೂ ಆ ಗಡುವು ಯಾಕೆ ಮುಂದೆ ಹೋಗುವುದಿಲ್ಲ, ಹೊಸ ಕಂಪನಿ ಆ ಗಡುವಿನೊಳಗೆ ಅರ್ಜಿ ಹಾಕಿದರೆ ಅಪ್ರೂವಲ್‌ಗೆ ಕಾಯದೆ ಹೇಗೆ ಕೆಲಸ ಶುರು ಮಾಡಬಹುದು, ಎಲ್ಲವನ್ನೂ ಬಿಡಿಸಿ ಹೇಳಿದರು. ಅವತ್ತು ರಾತ್ರಿ ನಿದ್ದೆ ಬಂತು.

ಹಾಗಾಗಿ ಹೌದು, ಹಿಡಿಯಿರಿ. ಆದರೆ ಇಡೀ ಕೇಸಿಗೆ ಬೇಡ, ಸಲಹೆಗೆ ಸಾಕು. ಗಂಟೆಗೆ ಕೆಲವು ನೂರು ಡಾಲರ್ ಆಗುತ್ತದೆ. ನೀವು ಹಿಡಿದ ಲಾಯರ್ ಆರ್‌ಎಫ್‌ಇಗೆ ನೇರವಾಗಿ ಉತ್ತರ ಕಳಿಸಲು ಆಗುವುದಿಲ್ಲ, ಅರ್ಜಿ ಕಂಪನಿಯದ್ದು. ಆದರೆ ಪತ್ರ ಓದಿ ಎಲ್ಲಿ ಅಪಾಯ ಇದೆ ಅಂತ ಹೇಳಬಹುದು, ಕರಡು ನೋಡಿಕೊಡಬಹುದು, ಕಂಪನಿ ಒಪ್ಪಿದರೆ ಅವರ ಲಾಯರ್ ಜೊತೆ ಮಾತಾಡಬಹುದು.

ಆರ್‌ಎಫ್‌ಇಗೆ ಸಾಮಾನ್ಯವಾಗಿ 84 ದಿನದವರೆಗೆ ಸಮಯ ಇರುತ್ತದೆ, ಉತ್ತರ ಒಂದೇ ಸಲ. ಅರ್ಧ ಇವತ್ತು, ಅರ್ಧ ಮುಂದಿನ ತಿಂಗಳು ಅನ್ನುವ ಹಾಗಿಲ್ಲ. ಅದಕ್ಕೇ ಕೊನೆಯ ದಿನಾಂಕ ನಿಮಗೆ ಗೊತ್ತಿರಲೇಬೇಕು. ಬಹಳಷ್ಟು ಕೇಸುಗಳಲ್ಲಿ ಕೇಳುವುದು, ಈ ಕೆಲಸಕ್ಕೆ ನಿಜಕ್ಕೂ ಇದೇ ವಿಷಯದ ಡಿಗ್ರಿ ಬೇಕಾ ಅಂತ. ಲಾಯರ್ ಕಚೇರಿಯಲ್ಲಿ ಕೆಲಸದ ವಿವರವನ್ನು ಹಳೆಯ ಕೇಸಿನಿಂದ ಎತ್ತಿ ಹಾಕುವವರೂ ಇದ್ದಾರೆ. ನಮ್ಮ ಹುಬ್ಬಳ್ಳಿಯ ಗೆಳತಿಯೊಬ್ಬರು ಏನು ಮಾಡಿದರು ಅಂದರೆ, ಮ್ಯಾನೇಜರ್ ಜೊತೆ ಕೂತು ದಿನಾ ಮಾಡುವ ಕೆಲಸ ಏನು, ಅದರಲ್ಲಿ ಯಾವುದಕ್ಕೆ ಎಷ್ಟು ಹೊತ್ತು, ಓದಿದ ಯಾವ ಕೋರ್ಸ್ ಯಾವ ಕೆಲಸಕ್ಕೆ ಬೇಕಾಗುತ್ತದೆ ಅಂತ ಬರೆದುಕೊಟ್ಟರು. ಅದೇ ಆರ್‌ಎಫ್‌ಇ ಉತ್ತರದ ಜೀವಾಳವಾಯಿತು. ಇದನ್ನು ನಿಮಗಿಂತ ಚೆನ್ನಾಗಿ ಯಾವ ಲಾಯರೂ ಬರೆಯಲಾರರು. ಹೆಸರನ್ನೂ ಒಂದು ಸಲ ನೋಡಿಕೊಳ್ಳಿ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬಿಡುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಲಾಯರ್‌ಗೆ ಇದನ್ನು ಮೊದಲೇ ಹೇಳಿ.

ಫೀಸಿನ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೊಸಬರು ಹೆದರಿರುತ್ತಾರೆ ಅಂತ ಗೊತ್ತಿದ್ದೇ ಕೇಳುತ್ತಾರೆ. ಕಂಪನಿಯ ಗಾತ್ರ ನೋಡಿ 750 ಅಥವಾ 1,500 ಡಾಲರ್ ಅಂತ ಇರುವ ತರಬೇತಿ ಶುಲ್ಕವನ್ನು ನೌಕರರಿಂದ ಯಾವ ರೂಪದಲ್ಲೂ ತೆಗೆದುಕೊಳ್ಳುವ ಹಾಗಿಲ್ಲ. ಎಚ್‌1ಬಿ ಅರ್ಜಿಯ ಲಾಯರ್ ಫೀಸು ಕೂಡ ಕಂಪನಿಯ ವ್ಯವಹಾರದ ಖರ್ಚು. ಅದನ್ನು ನಿಮ್ಮ ಮೇಲೆ ಹಾಕಿ, ಎಲ್‌ಸಿಎಯಲ್ಲಿ, ಅಂದರೆ ಕಂಪನಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿಯಲ್ಲಿ, ಒಪ್ಪಿದ ಕಡ್ಡಾಯ ಸಂಬಳಕ್ಕಿಂತ ಕೈಗೆ ಬರುವುದು ಕಡಿಮೆಯಾದರೆ ಅದು ಕಾನೂನಿಗೆ ವಿರುದ್ಧ. ನ್ಯೂಜೆರ್ಸಿಯ ಗೆಳೆಯನಿಂದ ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿ ಬೇರೆ ಹೆಸರಿನಲ್ಲಿ ಇದನ್ನೇ ಕಿತ್ತುಕೊಂಡಿತ್ತು, ಬೆಂಚಿನಲ್ಲಿದ್ದಾಗ ಸಂಬಳವನ್ನೂ ಕೊಡಲಿಲ್ಲ. ಪ್ರಾಜೆಕ್ಟ್ ಇಲ್ಲ ಅಂತ ಕಂಪನಿಯೇ ಸುಮ್ನೆ ಕೂರಿಸಿದರೂ ಸಂಬಳ ಕೊಡಲೇಬೇಕು. ಅವನ ಲಾಯರ್ ಒಂದು ಪತ್ರ ಬರೆದರು, ದುಡ್ಡು ವಾಪಸ್ ಬಂತು. ಬರದಿದ್ದರೆ ಡಬ್ಲ್ಯೂಎಚ್-4 ಫಾರಂನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, 12 ತಿಂಗಳ ಒಳಗೆ ಕೊಡಬೇಕು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ.

ಲಾಯರನ್ನು ಹುಡುಕುವುದು ಹೇಗೆ? ವಲಸೆ ಕಾನೂನು ಇಡೀ ದೇಶಕ್ಕೆ ಒಂದೇ. ಅದಕ್ಕೆ ಲಾಯರ್ ಟೆಕ್ಸಾಸ್‌ನಲ್ಲೇ ಇರಬೇಕು ಅಂತಿಲ್ಲ. ಅವರು ಯಾವ ರಾಜ್ಯದಲ್ಲಿ ಲೈಸೆನ್ಸ್ ಪಡೆದಿದ್ದಾರೋ ಆ ರಾಜ್ಯದ ಬಾರ್‌ನ (ವಕೀಲರ ಸಂಸ್ಥೆಯ) ವೆಬ್‌ಸೈಟಿನಲ್ಲಿ ಹೆಸರು ಹುಡುಕಿ, ಶಿಸ್ತುಕ್ರಮ ಆಗಿದ್ದರೆ ಅದೂ ಸಿಗುತ್ತದೆ. ವಲಸೆ ಲಾಯರ್‌ಗಳ ಸಂಘ ಐಲಾದಲ್ಲೂ ಹೆಸರು ಹುಡುಕಬಹುದು. ಮೊದಲ ಮಾತಿನಲ್ಲೇ ಕೇಳಿ: ನನ್ನ ಕಾಗದ ಓದುವವರು ನೀವಾ, ಸಹಾಯಕರಾ? ಈ ವರ್ಷ ಇಂಥ ಆರ್‌ಎಫ್‌ಇ ನೋಡಿದ್ದೀರಾ? ಫೀಸಿನಲ್ಲಿ ಏನೇನು ಸೇರಿದೆ, ಬರೆದುಕೊಡುತ್ತೀರಾ? "ಗ್ಯಾರಂಟಿ ಮಾಡಿಸಿಕೊಡುತ್ತೇನೆ" ಅಂದವರಿಂದ ಎದ್ದು ಬನ್ನಿ. ಬೆಂಗಳೂರಿನಲ್ಲಿ ವೀಸಾ ಕನ್ಸಲ್ಟೆನ್ಸಿ ಬೋರ್ಡ್ ಹಾಕಿಕೊಂಡವರು ಫಾರಂ ತುಂಬಿಕೊಡಬಹುದು, ಕಾನೂನು ಸಲಹೆ ಅವರ ಕೆಲಸ ಅಲ್ಲ. ನಮ್ಮ ಭಾಷೆಯವರು ಸಿಕ್ಕರೆ ಖುಷಿ, ಆದರೆ ಅದೊಂದನ್ನೇ ನೋಡಿ ಆರಿಸಬೇಡಿ.

ಕಾಗದಪತ್ರ ನಿಮ್ಮ ಹತ್ತಿರ ಇರಲಿ. ಎಲ್‌ಸಿಎ ಪ್ರತಿ ನಿಮಗೆ ಕೊಡುವುದು ಕಂಪನಿಯ ಕರ್ತವ್ಯ. ಐ-797 (ಯುಎಸ್‌ಸಿಐಎಸ್ ನೋಟಿಸ್), ಐ-94 (ದೇಶದೊಳಗೆ ಬಂದ ದಾಖಲೆ), ಪೇಸ್ಲಿಪ್, ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಕಾಗದ), ಎಲ್ಲವನ್ನೂ ಆಫೀಸಿನ ಲ್ಯಾಪ್‌ಟಾಪ್ ಬಿಟ್ಟು ಸ್ವಂತ ಮೇಲ್‌ನಲ್ಲಿ ಇಟ್ಟುಕೊಳ್ಳಿ. ಕೆಲಸ ಹೋದ ದಿನವೇ ಆ ಲ್ಯಾಪ್‌ಟಾಪ್ ಲಾಕ್ ಆಗುತ್ತದೆ. ಐ-129 ಪ್ರತಿ ಕಂಪನಿ ಕೊಡದಿದ್ದರೆ ಎಫ್‌ಒಐಎ (ಅಮೆರಿಕದ ಮಾಹಿತಿ ಹಕ್ಕು ಕಾನೂನು) ಮೂಲಕ ಯುಎಸ್‌ಸಿಐಎಸ್ ಹತ್ತಿರ ಕೇಳಬಹುದು, ತಡವಾಗುತ್ತದೆ ಅಷ್ಟೇ.

ನಾಳೆಯೇ ಎಚ್‌ಆರ್‌ಗೆ ಮೇಲ್ ಹಾಕಿ. ಜಗಳದ ಧಾಟಿ ಬೇಡ. "ಕೆಲಸದ ವಿವರ ಬರೆಯಲು ಮ್ಯಾನೇಜರ್ ಮತ್ತು ನಾನು ಸಹಾಯ ಮಾಡುತ್ತೇವೆ, ಅದಕ್ಕೆ ಆರ್‌ಎಫ್‌ಇ ಪ್ರತಿ ಮತ್ತು ಕೊನೆಯ ದಿನಾಂಕ ಬೇಕು" ಅಂತ ಕೇಳಿ, ಮ್ಯಾನೇಜರ್‌ಗೂ ಪ್ರತಿ ಹಾಕಿ. ಹೀಗೆ ಕೇಳಿದಾಗ ನಮ್ಮಲ್ಲಿ ಇಬ್ಬರಿಗೆ ಸಿಕ್ಕಿದೆ. ಫೀಸಿನ ಬಗ್ಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ದುಡ್ಡು ಕಳಿಸಬೇಡಿ, ಮೊದಲು ಲಾಯರ್ ಜೊತೆ ಮಾತಾಡಿ. ಅಕ್ಕನಿಗೆ ಇವತ್ತೇ ಫೋನ್ ಮಾಡಿ ವಿಷಯ ಹೇಳಿಬಿಡಿ.