ಗಿಟಾರ್ ಟ್ಯಾಬ್‌ನಲ್ಲಿ ಓಪನ್ ತಂತಿ ಎಲ್ಲಿ ನಿಲ್ಲಬೇಕು ಅಂತ ಬರೆಯುವುದು ಹೇಗೆ?

ಪ್ರಶ್ನೆ (ಆರುತಂತಿ):
ಬೆರಳಿಂದಲೇ ಮೀಟುವ ಫಿಂಗರ್‌ಸ್ಟೈಲ್‌ಗೆ ಒಂದು ಸಣ್ಣ ಟ್ಯೂನ್ ಮಾಡಿದ್ದೇನೆ. ನಾಲ್ಕು ಬೀಟ್‌ನ ಬಾರ್. 1ನೇ ಬೀಟ್‌ಗೆ 6ನೇ ತಂತಿ ಓಪನ್ (ಎಡಗೈಯಲ್ಲಿ ಒತ್ತದೆ), 3ನೇ ಬೀಟ್‌ಗೆ 5ನೇ ತಂತಿ ಓಪನ್. ಐದನೆಯದು ಬಂದ ಕೂಡಲೇ ಆರನೆಯದು ನಿಲ್ಲಬೇಕು. ಇಲ್ಲದಿದ್ದರೆ ಗುಂಯ್ ಅಂತ ಬೇಸ್ ಎಲ್ಲಾ ಕಲಸಿಹೋಗುತ್ತದೆ. ಟ್ಯಾಬ್‌ನಲ್ಲಿ, ಅಂದರೆ ತಂತಿಗೊಂದು ಗೆರೆ ಹಾಕಿ, ಹೀಗೆ ಬರೆದೆ (0 ಅಂದರೆ ಓಪನ್):

5|---------0-------|
6|-0-------×-------|

ಗೆಳೆಯನಿಗೆ ಕೊಟ್ಟರೆ, ಅವನು × ಇದ್ದಲ್ಲಿ ‘ಟಕ್’ ಅಂತ ಹೊಡೆದ!

ಹಳೇಪಿಕ್:
ಪಾಮ್ ಮ್ಯೂಟ್ (ಅಂಗೈ ತಂತಿಗೆ ತಾಗಿಸಿ ಮೀಟುವುದು) ಅಂತ ಬರೆಯಿರಿ, ಮುಗೀತು.

ಆರುತಂತಿ:
ಅದು ಮೊದಲಿಂದಲೇ ಸದ್ದನ್ನು ಅದುಮಿಬಿಡುತ್ತದಲ್ವಾ? ನನಗೆ ಎರಡು ಬೀಟ್ ಪೂರ್ತಿ ತುಂಬಿ ಕೇಳಬೇಕು, ಆಮೇಲೆ ನಿಲ್ಲಬೇಕು.

ನೈಲಾನ್ಪ್ರಿಯ:
ನಿಮ್ಮ ಗೆಳೆಯ ಸರಿಯಾಗೇ ನುಡಿಸಿದ್ದಾರೆ. × ಅಂದರೆ ತಂತಿ ಮುಟ್ಟಿಕೊಂಡು ಮೀಟು ಅಂತ, ಸದ್ದು ನಿಲ್ಲಿಸು ಅಂತಲ್ಲ.

ನಮ್ಮ ಸ್ವರಲಿಪಿಯಲ್ಲಿ ಅಲ್ಪವಿರಾಮ ಹಾಕಿದರೆ ಸ್ವರ ಮುಂದಕ್ಕೆ ಎಳೆಯುತ್ತದೆ. ಟ್ಯಾಬ್‌ನ ಗೆರೆ ಹಾಗಲ್ಲ, ಅದು ಸುಮ್ನೆ ತಂತಿಯ ಚಿತ್ರ. ಯಾವಾಗ ಮೀಟಬೇಕು ಅಂತ ಹೇಳುತ್ತದೆ, ಎಷ್ಟು ಹೊತ್ತು ಅಂತ ಹೇಳುವುದಿಲ್ಲ. ಇದು ಹಳೇ ತಲೆನೋವು. 16ನೇ ಶತಮಾನದ ಲ್ಯೂಟ್ ಎಂಬ ತಂತಿವಾದ್ಯದ ಟ್ಯಾಬ್‌ನಲ್ಲೂ ಮೇಲಿನ ತಾಳದ ಗುರುತು ಮುಂದಿನ ಸ್ವರ ಯಾವಾಗ ಅನ್ನುವುದನ್ನಷ್ಟೇ ಹೇಳುತ್ತಿತ್ತು.

ಸಾಫ್ಟ್‌ವೇರ್‌ನಲ್ಲಿ ಬರೆಯುವುದಾದರೆ ಬೇಸ್‌ಗೆ ಬೇರೆ ವಾಯ್ಸ್ ಕೊಡಿ, ಅಂದರೆ ಮೆಲೊಡಿಯಿಂದ ಬೇರೆಯಾಗಿ ಬರೆಯುವ ಸಾಲು. ಎರಡು ಹಾಫ್ ನೋಟ್ (ಒಂದೊಂದೂ ಎರಡು ಬೀಟ್) ಹಾಕಿ, ನೋಟ್‌ನ ಕಡ್ಡಿ ಕೆಳಮುಖ. ಮೊದಲನೆಯದು 3ನೇ ಬೀಟ್‌ಗೆ ತಾನೇ ಮುಗಿಯುತ್ತದೆ. ಮುಂದೆ ಬೇಸ್ ಸ್ವರವೇ ಇಲ್ಲದೆ ಸದ್ದು ನಿಲ್ಲಬೇಕಾದ ಕಡೆ ಆ ವಾಯ್ಸ್‌ನಲ್ಲಿ ರೆಸ್ಟ್ (ಮೌನದ ಗುರುತು) ಹಾಕಿ. ಸ್ಟಕಾಟೊ ಚುಕ್ಕಿ ಬೇಡ, ಸ್ವರ ತೀರಾ ಮೊಟಕಾಗುತ್ತದೆ.

ಬರೀ ಟೆಕ್ಸ್ಟ್ ಟ್ಯಾಬ್ ಆದರೆ ಮೇಲೆ 1 2 3 4 ಎಣಿಕೆ ಬರೆದು, 3ರ ಕೆಳಗೆ ‘6 ತಡೆ’ ಅಂತ ಹಾಕಿ. ಅದರ ಅರ್ಥ ಪುಟದ ತಲೆಯಲ್ಲೇ ಹೇಳಿಬಿಡಿ. ಎಲ್ಲರೂ ಒಪ್ಪಿದ ಒಂದೇ ಗುರುತು ಅಂತ ಇಲ್ಲ. ಹಾಗಾಗಿ ಹೊಸ ಚಿಹ್ನೆ ಹುಟ್ಟಿಸುವುದಕ್ಕಿಂತ ಎರಡು ಅಕ್ಷರ ಬರೆಯುವುದೇ ವಾಸಿ.

ಆರುತಂತಿ:
ವಾಯ್ಸ್ ಬೇರೆ ಮಾಡಿದೆ. ಪ್ಲೇ ಮಾಡಿದರೆ ಇನ್ನೂ ಗುಂಯ್ ಅಂತಿದೆ!

ನೈಲಾನ್ಪ್ರಿಯ:
ಬಾರ್ ಪೂರ್ತಿ ಲೆಟ್ ರಿಂಗ್ (ತಂತಿ ಮೊಳಗುತ್ತಲೇ ಇರಲಿ ಅನ್ನುವ ಗುರುತು) ಹಾಕಿದ್ದೀರಾ ನೋಡಿ.

ಆರುತಂತಿ:
ಹೌದು! ಮೊದಲು ಎಲ್ಲಾ ಒಂದೇ ವಾಯ್ಸ್‌ನಲ್ಲಿತ್ತು. ಮೆಲೊಡಿ ಎಲ್ಲಾ ಅರ್ಧ ಬೀಟ್‌ನ ನೋಟ್ ಆದ್ದರಿಂದ ಬೇಸ್ ಕೂಡ ಅಷ್ಟಕ್ಕೇ ಕತ್ತರಿಸಿಹೋಗುತ್ತಿತ್ತು. ಅದಕ್ಕೇ ಹಾಕಿದ್ದೆ. ಈಗ ಬೇಸ್‌ನಿಂದ ತೆಗೆದೆ, ಸರಿಯಾಯಿತು.

ಆದರೆ ಕೈಯಲ್ಲಿ ನುಡಿಸುವಾಗ ಹೇಗೆ ತಡೆಯುವುದು ಸರ್?

ನೈಲಾನ್ಪ್ರಿಯ:
ಐದನೆಯದನ್ನು ಮೀಟಿದ ತಕ್ಷಣ ಹೆಬ್ಬೆರಳನ್ನು ವಾಪಸ್ ತಂದು ಆರರ ಮೇಲೆ ಇಡಿ. 5ರಿಂದ 6ಕ್ಕೆ ಹೋಗುವಾಗ ತಡೆಯುವುದು ಸುಲಭ. ಆರನ್ನು ಮೀಟಿದ ಹೆಬ್ಬೆರಳು ಐದರ ಮೇಲೇ ಕೂರುವಂತೆ ರೆಸ್ಟ್ ಸ್ಟ್ರೋಕ್ ಮಾಡಿದರೆ ಐದು ತಾನಾಗೇ ನಿಲ್ಲುತ್ತದೆ. ನಿಮ್ಮದು ಉಲ್ಟಾ, ಅದಕ್ಕೇ ಕಷ್ಟ. ಮೆಲೊಡಿ ಬಿಟ್ಟು ಬರೀ ಬೇಸ್ ನಿಧಾನವಾಗಿ ಅಭ್ಯಾಸ ಮಾಡಿ.

ಹಳೇಪಿಕ್:
ಪಾಮ್ ಮ್ಯೂಟ್ ಮಾತು ವಾಪಸ್ ತಗೊಂಡೆ. ನಾನು ಎಲೆಕ್ಟ್ರಿಕ್ ಗಿಟಾರ್ ಅಂದುಕೊಂಡಿದ್ದೆ.