ಶೇ. 100ರ ಫ್ಲೆಕ್ಸ್

ನಾಗರಾಜ: (ಚಿತ್ರ) ಪೇಟೆಯ ಖಾಸಗಿ ಶಾಲೆಯ ಫ್ಲೆಕ್ಸ್ ನೋಡಿ. ಎಸ್ಸೆಸ್ಸೆಲ್ಸಿ ಶೇ. 100! ನಾವು ಓದಿದ ಶಾಲೆಗೆ ಇಂಥ ದಿನ ಯಾವಾಗ ಬರುತ್ತದೆ?

ಶೈಲಜಾ: ಆ ನೂರರ ಲೆಕ್ಕ ನನಗೆ ಗೊತ್ತು. ನನ್ನ ಅಕ್ಕನ ಮಗ ಅಲ್ಲಿ ಒಂಬತ್ತರಲ್ಲಿದ್ದ. ‘ಫಲಿತಾಂಶ ಕೆಡಿಸುತ್ತಾನೆ, ಟಿ.ಸಿ. ತೆಗೆದುಕೊಳ್ಳಿ’ ಎಂದರು. ನಮ್ಮ ಹಳೆಯ ಶಾಲೆಯೇ ಅವನನ್ನು ಸೇರಿಸಿಕೊಂಡಿತು.

ಮಂಜುನಾಥ: ಅದು ತಪ್ಪೇ. ಆದರೆ ಎಲ್ಲರನ್ನೂ ಸುಮ್ಮನೆ ಮುಂದೆ ದಾಟಿಸುವುದೂ ಮೋಸವೇ ಅಲ್ಲವೇ? 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದೊಡನೆ, ಶೇ. 20 ಕೃಪಾಂಕ ಕೊಟ್ಟರೂ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. 5, 8, 9ನೆಯ ತರಗತಿಗೆ ಬೋರ್ಡ್ ಪರೀಕ್ಷೆ ಮಾಡಿದರೆ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಪರೀಕ್ಷೆ ಬೇಡವೆಂದರೆ ಮಗು ಎಲ್ಲಿ ಎಡವಿದೆ ಎಂದು ತಿಳಿಯುವುದು ಹೇಗೆ?

ಶೈಲಜಾ: ಬೇಡ ಎಂದವರು ಯಾರು ಮಾರಾಯ? ನಿನ್ನೆ ನಾನು ಕಲಿಸುವ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು 52ರಲ್ಲಿ 27 ಕಳೆದು 35 ಬರೆದಳು. 81ರಲ್ಲಿ 46 ಕಳೆದು 45. ಐದು ಲೆಕ್ಕಕ್ಕೂ ಸೊನ್ನೆ. ಆದರೆ ತಪ್ಪು ಒಂದೇ: ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಾಳೆ. ಪಕ್ಕದ ಮನೆಯಿಂದ ಸಾಲ ತರುವುದು ಗೊತ್ತಿಲ್ಲ. ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಿದೆ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ 25 ಬಂತು. ಸೊನ್ನೆ ಹಾಕಿ ಪುಸ್ತಕ ಮುಚ್ಚಿದ್ದರೆ ಐದನೆಯ ತರಗತಿಗೂ ಅದೇ ತಪ್ಪು ಹೊತ್ತುಕೊಂಡು ಹೋಗುತ್ತಿದ್ದಳು.

ನಾಗರಾಜ: ಅರವತ್ತು ಮಕ್ಕಳಿದ್ದರೆ ಎಷ್ಟು ಕಟ್ಟು ಬಿಚ್ಚುತ್ತೀ?

ಶೈಲಜಾ: ಕಷ್ಟವೇ. ದಾಖಲೆ ತುಂಬುವುದರಲ್ಲೇ ಅರ್ಧ ಜೀವ ಹೋಗುತ್ತದೆ, ಅದೂ ನಿಜ. ಆದರೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿಯನ್ನು, ಒಂದರಿಂದ ಮೂರನೆಯ ತರಗತಿಯವರೆಗಿನ ಆ ಚಟುವಟಿಕೆಯ ಕಲಿಕೆಯನ್ನು ನೆನಪಿಸಿಕೊಳ್ಳಿ. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಅಪ್ಪ ಅಮ್ಮನ ಜೊತೆ ಹತ್ತಿ ಬಿಡಿಸಲು ಹೋಗಿ ಹದಿನೈದು ದಿನ ಬಿಟ್ಟು ಬಂದರೂ, ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮಾಯ.

ಮಂಜುನಾಥ: ಹತ್ತನೆಯದರ ಅಂಕಪಟ್ಟಿಯಲ್ಲಿ ಏಣಿ ಕಾಣುವುದಿಲ್ಲ, ಶೈಲಜಾ. ಕೆಲಸ ಕೊಡುವವನು ಅಂಕ ಕೇಳುತ್ತಾನೆ.

ಶೈಲಜಾ: ಹತ್ತನೆಯದು ಇರಲಿ. ಅಲ್ಲಿಯವರೆಗಿನ ಒಂಬತ್ತು ವರ್ಷವೂ ಜರಡಿ ಏಕೆ ಹಿಡಿಯಬೇಕು?

ನಾಗರಾಜ: ಮೊದಲ ಮೂವರಿಗೆಂದು ನಾವು ಕೂಡಿಸಿದ ಬಹುಮಾನದ ಹಣ ಏನು ಮಾಡೋಣ?

ಶೈಲಜಾ: ಸಂಜೆ ಒಂದು ಗಂಟೆ ಹಿಂದುಳಿದವರಿಗೆ ಕಲಿಸುವವರಿಗೆ ಗೌರವಧನ ಕೊಡಿ.

ಮಂಜುನಾಥ: ಅರ್ಧ ಕೊಡೋಣ. ಓದುವವರಿಗೂ ಹುರುಪು ಬೇಡವೇ? ಅಂದ ಹಾಗೆ, ನಿನ್ನ ಅಕ್ಕನ ಮಗನಿಗೆ ಗಣಿತದಲ್ಲಿ ಎಷ್ಟು ಬಂತು?

ಶೈಲಜಾ: 41. ಫ್ಲೆಕ್ಸ್ ಹಾಕಿಸುತ್ತೀಯಾ?

ಮಂಜುನಾಥ: ಫೋಟೊ ಕಳುಹಿಸು.