ಒಡಿಸ್ಸಿ (1972) ಟೇಬಲ್ ಟೆನಿಸ್‌ನ ರಾಮ್ (ROM) ಫೈಲ್ ಎಲ್ಲೂ ಸಿಗುತ್ತಿಲ್ಲ [ಪರಿಹಾರ ಸಿಕ್ಕಿದೆ]

ಮಲೆನಾಡ_ಪಿಕ್ಸೆಲ್:
ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ, ಮನೆಯ ಟಿವಿಗೆ ಜೋಡಿಸಿ ಆಡುವ ಮೊದಲ ವಿಡಿಯೋ ಗೇಮ್ ತೋರಿಸಬೇಕು ಅಂತ ಹೊರಟಿದ್ದೇವೆ. 1972ರ ಮ್ಯಾಗ್ನವಾಕ್ಸ್ ಒಡಿಸ್ಸಿಯ ಟೇಬಲ್ ಟೆನಿಸ್. ರೆಟ್ರೋಆರ್ಚ್‌ನಲ್ಲಿ (ಹಳೆಯ ಯಂತ್ರಗಳ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್) ಒಡಿಸ್ಸಿ 2ರ ಕೋರ್ (ಆ ಯಂತ್ರದಂತೆ ನಡೆಯುವ ಭಾಗ) ಹಾಕಿದೆ, ಬಯಾಸ್ ಫೈಲನ್ನೂ (ಯಂತ್ರದ ಆರಂಭಿಕ ಪ್ರೋಗ್ರಾಂ) ಸೇರಿಸಿದೆ. ಬೇರೆ ಆಟಗಳು ಚೆನ್ನಾಗಿ ಓಡುತ್ತಿವೆ. ಈ ಆಟದ ರಾಮ್ ಫೈಲ್ (ಆಟದ ಚಿಪ್ಪಿನಿಂದ ಕಾಪಿ ಮಾಡಿದ ಪ್ರೋಗ್ರಾಂ) ಮಾತ್ರ ಎರಡು ದಿನ ಹುಡುಕಿದರೂ ಸಿಗಲಿಲ್ಲ. ಯಾರ ಹತ್ತಿರವಾದರೂ ಇದೆಯಾ?

ಬೆಸುಗೆಕಡ್ಡಿ:
ಹುಡುಕುವುದನ್ನು ನಿಲ್ಲಿಸಿ ಸರ್, ಅಂಥ ಫೈಲೇ ಇಲ್ಲ. ಒಡಿಸ್ಸಿ 2 ಬೇರೆ ಯಂತ್ರ. ಅದು 1978ರದ್ದು, ಒಳಗೆ ಇಂಟೆಲ್ 8048 ಪ್ರೊಸೆಸರ್ ಇದೆ, ಕಾರ್ಟ್ರಿಜ್‌ನಲ್ಲಿ ನಿಜವಾದ ರಾಮ್ ಚಿಪ್ ಇದೆ.

1972ರ ಒಡಿಸ್ಸಿಯಲ್ಲಿ ಪ್ರೊಸೆಸರ್ ಇಲ್ಲ, ಮೆಮೊರಿಯೂ ಇಲ್ಲ. ಸುಮಾರು 40 ಟ್ರಾನ್ಸಿಸ್ಟರ್, 40 ಡಯೋಡ್, ಅಷ್ಟೇ. 'ಗೇಮ್ ಕಾರ್ಡ್' ಬಿಚ್ಚಿ ನೋಡಿದರೆ ಚಿಪ್ ಸಿಗುವುದಿಲ್ಲ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಹೋಗುವ ತಾಮ್ರದ ಗೆರೆಗಳಷ್ಟೇ ಇರುತ್ತವೆ. ಕಾರ್ಡ್ ಹಾಕಿದಾಗ ಒಳಗಿನ ಸರ್ಕ್ಯೂಟ್‌ಗಳು ಬೇರೆ ರೀತಿ ಜೋಡಣೆಯಾಗುತ್ತವೆ. ಕಾಪಿ ಮಾಡಲು ಅಲ್ಲಿ ಪ್ರೋಗ್ರಾಂ ಇಲ್ಲವೇ ಇಲ್ಲ.

ಪರದೆ ಮೇಲೆ ಚೆಂಡು, ಬ್ಯಾಟ್ ಆಗಿ ಕಾಣುವ ಬಿಳಿ ಚೌಕ ಬರುವ ರೀತಿ ನನಗೆ ಬಹಳ ಇಷ್ಟ. ಟಿವಿ ಒಂದೊಂದೇ ಗೆರೆ ಎಳೆಯುತ್ತಾ ಹೋಗುತ್ತದೆ ಅಲ್ವಾ? ಗೆರೆ ಶುರುವಾದ ಮೇಲೆ ಎಷ್ಟು ಹೊತ್ತು ತಡೆದು ಬೆಳಕು ಕೊಡಬೇಕು ಅನ್ನುವುದೇ ಚೌಕದ ಜಾಗ. ನಾಬ್ ತಿರುಗಿಸಿದರೆ ಆ ತಡ ಬದಲಾಗುತ್ತದೆ, ಚೌಕ ಸರಿಯುತ್ತದೆ. ಚೆಂಡು, ಬ್ಯಾಟ್ ಎರಡರ ಬೆಳಕೂ ಒಂದೇ ಕ್ಷಣದಲ್ಲಿ ಬಂದರೆ ಸರ್ಕ್ಯೂಟ್ ಅದನ್ನು 'ತಾಗಿತು' ಅಂತ ತಿಳಿದು ಚೆಂಡನ್ನು ತಿರುಗಿಸುತ್ತದೆ. ಈ ಯಂತ್ರವನ್ನು ರೂಪಿಸಿದ ರಾಲ್ಫ್ ಬೇರ್ ಇಷ್ಟು ಕಡಿಮೆ ಸಾಮಾನಿನಲ್ಲಿ ಇದನ್ನು ಸಾಧಿಸಿದ್ದಾರೆ.

ಹಳೇಟಿವಿ:
ಮೇಮ್ ಎಮ್ಯುಲೇಟರ್‌ನಲ್ಲಿ 1972ರ ಪಾಂಗ್ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರ) ಓಡುತ್ತದಲ್ಲ? ಅದರಲ್ಲೂ ಪ್ರೊಸೆಸರ್ ಇರಲಿಲ್ಲ.

ಬೆಸುಗೆಕಡ್ಡಿ:
ಹೌದು. ಅಲ್ಲಿ ಇಡೀ ಸರ್ಕ್ಯೂಟನ್ನೇ ನೆಟ್‌ಲಿಸ್ಟ್ (ಯಾವ ಭಾಗ ಯಾವುದಕ್ಕೆ ಜೋಡಣೆ ಅನ್ನುವ ಪಟ್ಟಿ) ಆಗಿ ಬರೆದು ಲೆಕ್ಕ ಹಾಕುತ್ತಾರೆ. ಅಷ್ಟು ಸರಳ ಆಟಕ್ಕೂ ಕಂಪ್ಯೂಟರ್ ಜಾಸ್ತಿ ದುಡಿಯಬೇಕು. ಪ್ರದರ್ಶನಕ್ಕೆ ಅಷ್ಟು ಬೇಡ. ನಾನು ಪೈಗೇಮ್‌ನಲ್ಲಿ (ಪೈಥಾನ್‌ನಲ್ಲಿ ಆಟ ಬರೆಯುವ ಸಾಧನ) ಬರೆದ ಸಣ್ಣ ಪ್ರೋಗ್ರಾಂ ಇದೆ, ಕಳಿಸಿದ್ದೇನೆ. ಇದು ಎಮ್ಯುಲೇಟರ್ ಅಲ್ಲ, ಸರ್ಕ್ಯೂಟಿನ ನಡವಳಿಕೆ ನೋಡಿ ಬರೆದದ್ದು. ಮಕ್ಕಳಿಗೂ ಹಾಗೆಯೇ ಹೇಳಿ.

ಮಲೆನಾಡ_ಪಿಕ್ಸೆಲ್:
ಓಡಿತು, ತುಂಬಾ ಥ್ಯಾಂಕ್ಸ್! ಆದರೆ ಗೇಮ್‌ಪ್ಯಾಡ್ ಸ್ಟಿಕ್ ಬಿಟ್ಟ ತಕ್ಷಣ ಬ್ಯಾಟ್ ಪರದೆಯ ಮಧ್ಯಕ್ಕೆ ಓಡಿಬರುತ್ತದೆ. ಆಡಲು ಆಗುತ್ತಿಲ್ಲ.

ಬೆಸುಗೆಕಡ್ಡಿ:
ಸ್ಟಿಕ್‌ಗೆ ಸ್ಪ್ರಿಂಗ್ ಇದೆ. ಒಡಿಸ್ಸಿಯ ನಾಬ್ ಬಿಟ್ಟಲ್ಲೇ ನಿಲ್ಲುತ್ತದೆ. ಒಬ್ಬರಿಗೆ ಮೂರು ನಾಬ್: ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಹೊಡೆದ ಮೇಲೆ ಹೋಗುತ್ತಿರುವ ಚೆಂಡನ್ನು ಮೇಲೆ ಕೆಳಗೆ ಬಾಗಿಸಲು ಒಂದು. ಆ ಮೂರನೆಯದೇ ಆಟದ ಜೀವ. ಪ್ರೊ ಮೈಕ್ರೊ ಬೋರ್ಡ್ (ಯುಎಸ್‌ಬಿಗೆ ಜೋಡಿಸುವ ಸಣ್ಣ ಆರ್ಡುಯಿನೋ ಮಾದರಿ ಬೋರ್ಡ್) ತಗೊಳ್ಳಿ. ಅದರಲ್ಲಿ 9 ಅನಲಾಗ್ ಪಿನ್ ಇವೆ, ನಿಮಗೆ ಬೇಕಾದ್ದು 6. ಆರು 10ಕೆ ಪಾಟ್ (ತಿರುಗಿಸುವ 10 ಕಿಲೋಓಮ್ ರೆಸಿಸ್ಟರ್) ಜೋಡಿಸಿ, ಬೋರ್ಡಿಗೆ ಜಾಯ್‌ಸ್ಟಿಕ್ ಪ್ರೋಗ್ರಾಂ ಹಾಕಿದರೆ ಕಂಪ್ಯೂಟರ್‌ಗೆ ಅದು ಜಾಯ್‌ಸ್ಟಿಕ್ ಆಗಿಯೇ ಕಾಣುತ್ತದೆ.

ಮಲೆನಾಡ_ಪಿಕ್ಸೆಲ್:
ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಿಂದ ತಂದು ಜೋಡಿಸಿದೆ. ಬ್ಯಾಟ್ ಈಗ ನಿಲ್ಲುತ್ತದೆ. ಆದರೆ ನಾಬ್ ಅರ್ಧ ತಿರುಗಿಸುವವರೆಗೆ ಬ್ಯಾಟ್ ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ, ಆಮೇಲೆ ಒಮ್ಮೆಲೇ ಹಾರುತ್ತದೆ.

ಬೆಸುಗೆಕಡ್ಡಿ:
ಪಾಟ್ ಮೇಲೆ ಏನು ಬರೆದಿದೆ? ಎ10ಕೆ ಇದ್ದರೆ ಅದು ಆಡಿಯೋ ವಾಲ್ಯೂಮ್‌ಗೆ ಮಾಡಿದ್ದು, ಸಮವಾಗಿ ಏರುವುದಿಲ್ಲ. ಬಿ10ಕೆ ಅಂತ ಕೇಳಿ ತನ್ನಿ.

ಮಲೆನಾಡ_ಪಿಕ್ಸೆಲ್:
ಆರಕ್ಕೆ ಆರೂ ಎ10ಕೆ ಆಗಿದ್ದವು! ಬದಲಾಯಿಸಿದೆ, ಈಗ ಬೆಣ್ಣೆಯಂತೆ ಸರಿಯುತ್ತದೆ. ಮಗಳು ಚೆಂಡನ್ನು ಬಾಗಿಸಿ ಬಾಗಿಸಿ ನನ್ನನ್ನು ಸೋಲಿಸುತ್ತಿದ್ದಾಳೆ. ಸ್ಕೋರ್ ಎಲ್ಲಿ ಕಾಣುತ್ತದೆ ಅಂತ ಕೇಳುತ್ತಿದ್ದಾಳೆ. ಯಾವ ಕೀ ಒತ್ತಬೇಕು?

ಬೆಸುಗೆಕಡ್ಡಿ:
ಕೀ ಇಲ್ಲ. ಅಸಲಿ ಯಂತ್ರದಲ್ಲೂ ಸ್ಕೋರ್ ಇರಲಿಲ್ಲ, ಸದ್ದೂ ಇರಲಿಲ್ಲ. ಮೇಜಿನ ಮೇಲೆ ಒಂದು ಕಾಗದ, ಪೆನ್ಸಿಲ್ ಇಡಿ. ಬೇರೆ ಆಟಗಳಿಗೆ ಟಿವಿ ಗಾಜಿನ ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದರು, ಟೇಬಲ್ ಟೆನಿಸ್‌ಗೆ ಅದು ಬೇಕಿಲ್ಲ. ಮುಂದೆ ಟೆನಿಸ್ ಆಟ ತೋರಿಸುವುದಾದರೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಅಂಗಳ ಬರೆದು ಅಂಟಿಸಿ, ಮಾನಿಟರ್ ಅಳತೆ ತಿಳಿಸಿದರೆ ಗೆರೆಗಳ ಜಾಗ ನಾನು ಲೆಕ್ಕ ಹಾಕಿ ಕೊಡುತ್ತೇನೆ.